ಹರಿದ ಬಟ್ಟೆ, ತೀರದ ನಿಧಿ: ಆಟಗಾರ್ತಿ ಗುರುವಾಗುವ ಪ್ರಶ್ನೆ

ಆಟದ ವಿದ್ಯೆ ಮೈಯಲ್ಲಿ ಇರುತ್ತದೆ, ಮೈಗೆ ವಯಸ್ಸಾಗುತ್ತದೆ. ಕಾಲೇಜಿನ ದಿನಗಳಲ್ಲಿ ಹೆಸರು ಮಾಡಿದ ಟೆನಿಸ್ ಆಟಗಾರ್ತಿಗೆ ಮೂವತ್ತು ದಾಟುವ ಹೊತ್ತಿಗೆ ಮೊಣಕಾಲು, ಭುಜ, ಕಣ್ಣಿನ ಚುರುಕು ಒಂದೊಂದಾಗಿ ಕೈಕೊಡತೊಡಗುತ್ತವೆ. ಆಗ ಆಕೆ ಅಂಗಳದ ನಡುವಿನಿಂದ ಅಂಚಿಗೆ ಬಂದು ನಿಲ್ಲುತ್ತಾಳೆ, ಬೇರೆಯವರಿಗೆ ಹೇಳಿಕೊಡುತ್ತಾಳೆ. ಬದುಕಿನ ವಿವರ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಇಷ್ಟು ವರ್ಷ ಆಡಿದಳು, ಆಮೇಲೆ ಕೋಚ್ ಆದಳು. ಆ ‘ಆಮೇಲೆ’ ಎಂಬ ಪದದೊಳಗೆ ಹಳೆಯದೊಂದು ಧಾರ್ಮಿಕ ಪ್ರಶ್ನೆ ಕೂತಿದೆ. ವಿದ್ಯೆ ಮೈಯದೇ ಆಗಿದ್ದರೆ ಮೈ ಸೋತ ಮೇಲೆ ಅದು ಎಲ್ಲಿ ಉಳಿಯಿತು? ಒಬ್ಬರ ಮೈಯಲ್ಲಿ ಇದ್ದದ್ದು ಇನ್ನೊಬ್ಬರ ಮೈಗೆ ದಾಟುತ್ತದೆಯೆ? ದಾಟಿಸಿದವರ ಕೈಯಲ್ಲಿ ಕೊನೆಗೆ ಏನು ಉಳಿಯುತ್ತದೆ?

ಯಾದಗಿರಿ, ಶಹಾಪುರ, ಸುರಪುರಗಳ ಸಗರನಾಡು, ಶಹಾಪುರದ ಹತ್ತಿರದ ಸಗರ ಎಂಬ ಊರಿನ ಹೆಸರನ್ನು ಹೊತ್ತ ಸೀಮೆ, ಟೆನಿಸ್ಸಿಗೆ ಹೆಸರಾದದ್ದಲ್ಲ. ಇಲ್ಲಿಯ ಶಾಲೆಗಳ ಬಯಲಲ್ಲಿ ಕಾಣುವುದು ಕಬಡ್ಡಿ, ಖೋ ಖೋ, ವಾಲಿಬಾಲ್. ಆದರೆ ಕೈಯ ಕಸುಬಿಗೂ ಒಳಗಿನ ಅರಿವಿಗೂ ಏನು ಸಂಬಂಧ, ಕೊಟ್ಟರೆ ಕಳೆದುಹೋಗುವುದು ಯಾವುದು, ಕೊಟ್ಟರೂ ಉಳಿಯುವುದು ಯಾವುದು ಎಂಬ ವಿಚಾರವನ್ನು ಈ ಸೀಮೆ ಬಹಳ ಹಿಂದೆಯೇ ತನ್ನ ಕಥೆಗಳಲ್ಲಿ ಕಟ್ಟಿಟ್ಟಿದೆ. ಟೆನಿಸ್ ಕೋಚ್ ಒಬ್ಬಳ ಬದುಕನ್ನು ಅರಿಯಲು ಆ ಕಥೆಗಳು ಒದಗುವಷ್ಟು ಕ್ರೀಡೆಯ ಪುಸ್ತಕಗಳು ಒದಗುವುದಿಲ್ಲ.

ಕಾಲೇಜಿನಲ್ಲಿ ಆಡಿ, ಅದೇ ಕಾಲೇಜಿಗೆ ಕೋಚ್ ಆದವರಲ್ಲಿ ಎಲ್ಲರೂ ಹೆಸರಿಸುವವರು ಅಮೆರಿಕದ ಲೆಲೆ ಫರೂಡ್. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರವಾಗಿ ಅವರು 1970ರ ದಶಕದಲ್ಲಿ ಆಡಿದರು. ಆಗ ಹೆಣ್ಣುಮಕ್ಕಳ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದದ್ದು 1971ರಲ್ಲಿ ಶುರುವಾದ ಎಐಎಡಬ್ಲ್ಯು ಎಂಬ ಸಂಸ್ಥೆ. ಅದನ್ನು ಕಟ್ಟಿದವರೂ ನಡೆಸಿದವರೂ ಮಹಿಳೆಯರೇ. ಪುರುಷರ ಕ್ರೀಡೆಯನ್ನು ನೋಡಿಕೊಳ್ಳುತ್ತಿದ್ದ ಎನ್‌ಸಿಎಎ ಮಹಿಳೆಯರ ಟೆನಿಸ್ಸಿಗೆ ಮೊದಲ ಚಾಂಪಿಯನ್‌ಷಿಪ್ ನಡೆಸಿದ್ದು 1982ರಲ್ಲಿ. ವೃತ್ತಿಪರ ಆಟ ಮುಗಿಸಿದ ಫರೂಡ್ ತಾವು ಆಡಿದ ಅಂಗಳಕ್ಕೇ ಮರಳಿ, ಫ್ರ್ಯಾಂಕ್ ಬ್ರೆನನ್ ಎಂಬ ಹಿರಿಯ ಕೋಚ್‌ಗೆ ಸಹಾಯಕಿಯಾಗಿ ಹಲವು ವರ್ಷ ಕೆಲಸ ಮಾಡಿದರು. ಬ್ರೆನನ್ ಕಾಲದಲ್ಲಿ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿ ಬಂದಿದ್ದವು. 2000ದಲ್ಲಿ ಅವರು ನಿವೃತ್ತರಾದಾಗ ಫರೂಡ್ ಮುಖ್ಯ ಕೋಚ್ ಆದರು. 2001ರಿಂದ 2019ರ ನಡುವೆ ಅವರ ತಂಡವೂ ಹತ್ತು ಸಲ ಗೆದ್ದಿತು: 2001, 2002, 2004, 2005, 2006, 2010, 2013, 2016, 2018, 2019. ಅವರ ಕೈಕೆಳಗೆ ಲಾರಾ ಗ್ರ್ಯಾನ್‌ವಿಲ್, ಅಂಬರ್ ಲಿಯು, ನಿಕೋಲ್ ಗಿಬ್ಸ್ ವೈಯಕ್ತಿಕ ಪ್ರಶಸ್ತಿಯನ್ನೂ ಗೆದ್ದರು.

ಇವುಗಳಲ್ಲಿ 2016ರ ಗೆಲುವಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಆ ವರ್ಷ ಸ್ಟ್ಯಾನ್‌ಫರ್ಡ್‌ಗೆ ಸಿಕ್ಕಿದ್ದು ಹದಿನೈದನೆಯ ಶ್ರೇಯಾಂಕ. ಕಾಗದದ ಮೇಲೆ ಅದು ಗೆಲ್ಲುವ ತಂಡವಲ್ಲ. ಫೈನಲ್ಲಿನಲ್ಲಿ ಒಕ್ಲಹೋಮ ಸ್ಟೇಟ್ ಮೇಲೆ 4–3ರಿಂದ ಗೆದ್ದಿತು. ಕಾಲೇಜು ಟೆನಿಸ್ಸಿನ ಲೆಕ್ಕ ಹೀಗಿದೆ: ಮೂರು ಡಬಲ್ಸ್ ಪಂದ್ಯ ಸೇರಿ ಒಂದು ಅಂಕ, ಆರು ಸಿಂಗಲ್ಸ್‌ಗೆ ಆರು ಅಂಕ, ಒಟ್ಟು ಏಳು, ನಾಲ್ಕು ಮುಟ್ಟಿದವರು ಗೆದ್ದಂತೆ. ಒಂದೇ ಹೊತ್ತಿಗೆ ಆರು ಅಂಗಳದಲ್ಲಿ ಆರು ಹುಡುಗಿಯರು ಆಡುತ್ತಿರುತ್ತಾರೆ, ಕೋಚ್ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿರುತ್ತಾಳೆ. 3–3 ಆದಾಗ ಉಳಿದ ಒಂದು ಅಂಗಳದ ಸುತ್ತ ಎಲ್ಲರೂ ಬಂದು ನಿಲ್ಲುತ್ತಾರೆ. ಆ ಕೊನೆಯ ಪಂದ್ಯದಲ್ಲಿ ಕೋಚ್ ತಾನೇ ಒಂದು ಹೊಡೆತವನ್ನೂ ಹೊಡೆಯಲಾರಳು. ಆದರೂ ಗೆಲುವಿನಲ್ಲಿ ಆಕೆಯ ಪಾಲಿದೆ ಎಂದು ಅಲ್ಲಿರುವ ಎಲ್ಲರಿಗೂ ಗೊತ್ತು. ಆ ಪಾಲು ಎಂಥದ್ದು ಎಂದು ಹೇಳುವುದೇ ಕಷ್ಟ.

ಅದನ್ನು ಅರಿಯಲು ಸಗರನಾಡಿನ ಕಥೆಯೊಂದು ಒದಗುತ್ತದೆ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಆದ್ಯ ವಚನಕಾರನೆಂದು ಹಲವರು ಗುರುತಿಸುವ ಈತ ಬಸವಣ್ಣನಿಗಿಂತ ಹಿಂದಿನವನು. ರಾಮನಾಥ ಈತನ ಅಂಕಿತ, ನೇಯ್ಗೆ ಈತನ ಕಸುಬು. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ ಅಥವಾ ಇಬ್ಬರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದ ನಡೆದಿದೆ. ಇಲ್ಲಿ ಬೇಕಾಗಿರುವುದು ಪರಂಪರೆ ನೇಕಾರ ದಾಸಿಮಯ್ಯನ ಬಗ್ಗೆ ಹೇಳುತ್ತ ಬಂದಿರುವ ಕಥೆ. ಬಹುಕಾಲ ಶ್ರಮಪಟ್ಟು ದಾಸಿಮಯ್ಯ ಒಂದು ಬಟ್ಟೆ ನೇಯುತ್ತಾನೆ. ಅಂಥ ಬಟ್ಟೆಯನ್ನು ಯಾರೂ ಕಂಡಿರಲಿಲ್ಲ. ಸಂತೆಗೆ ಒಯ್ದಾಗ ಅದಕ್ಕೆ ಬೆಲೆ ಕಟ್ಟುವವರೇ ಸಿಗುವುದಿಲ್ಲ. ಮರಳಿ ಬರುವಾಗ ಮುದಿ ಜಂಗಮನೊಬ್ಬ ಅದನ್ನು ಬೇಡುತ್ತಾನೆ; ದಾಸಿಮಯ್ಯ ಕೊಡುತ್ತಾನೆ. ಪಡೆದವನು ಅವನ ಕಣ್ಣೆದುರೇ ಆ ಬಟ್ಟೆಯನ್ನು ಚೂರುಚೂರಾಗಿ ಹರಿಯುತ್ತಾನೆ. ದಾಸಿಮಯ್ಯನ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಕೊಟ್ಟ ಮೇಲೆ ಅದು ನಿಮ್ಮದು ಎಂದುಕೊಂಡು ಸುಮ್ಮನಿರುತ್ತಾನೆ. ಜಂಗಮನ ವೇಷದಲ್ಲಿ ಬಂದಿದ್ದ ಶಿವ ಮೆಚ್ಚಿ ತವನಿಧಿಯನ್ನು ಕೊಡುತ್ತಾನೆ. ತವು ಎಂದರೆ ಹಳಗನ್ನಡದಲ್ಲಿ ಸವೆ, ಕಡಿಮೆಯಾಗು. ತವನಿಧಿ ಎಂದರೆ ತೆಗೆದಷ್ಟೂ ಕಡಿಮೆಯಾಗದ ಸಂಗ್ರಹ. ಕಥೆಗೆ ಪಾಠಾಂತರಗಳಿವೆ, ತಿರುಳು ಒಂದೇ.

ಈ ಕಥೆಯನ್ನು ದಾನದ ಮಹಿಮೆ ಹೇಳುವ ಕಥೆಯೆಂದು ಓದುವುದು ವಾಡಿಕೆ. ಆದರೆ ಶಿವ ಬಟ್ಟೆಗೆ ಬದಲಾಗಿ ಇನ್ನೊಂದು ಬಟ್ಟೆ ಕೊಡುವುದಿಲ್ಲ, ಹರಿದದ್ದನ್ನು ಹೊಲಿದೂ ಕೊಡುವುದಿಲ್ಲ. ನೇಯ್ದ ವಸ್ತು ಹೋಯಿತು, ಹೋದದ್ದು ಹೋದದ್ದೇ. ಬಂದದ್ದು ಬೇರೆ ಜಾತಿಯ ಸಂಪತ್ತು: ವಸ್ತು ಸವೆಯುತ್ತದೆ, ಹಂಚಿದರೆ ಪಾಲಾಗುತ್ತದೆ, ತವನಿಧಿ ಹಂಚಿದಷ್ಟೂ ಇದ್ದಷ್ಟೇ ಇರುತ್ತದೆ. ಆಟಗಾರ್ತಿಯ ಬದುಕಿನಲ್ಲೂ ಎರಡು ಸಂಪತ್ತುಗಳಿವೆ. ಆಕೆಯ ಸರ್ವ್, ಆಕೆಯ ಓಟ, ಗೆದ್ದ ಪಂದ್ಯಗಳು, ಇವೆಲ್ಲ ಬಟ್ಟೆ. ಹತ್ತು ಹದಿನೈದು ವರ್ಷ ನೇಯ್ದದ್ದು. ಕಾಲ ಅದನ್ನು ಆಕೆಯ ಕಣ್ಣೆದುರೇ ಹರಿಯುತ್ತದೆ, ಅದಕ್ಕೆ ಪರಿಹಾರವಿಲ್ಲ. ಹರಿದ ಮೇಲೆ ಆಕೆ ಬಟ್ಟೆಗಾಗಿ ಅಳುತ್ತ ಕೂತರೆ ಕಥೆ ಅಲ್ಲಿಗೇ ಮುಗಿಯಿತು. ಅದನ್ನು ಬಿಟ್ಟುಕೊಟ್ಟವಳಿಗೆ, ತಾನು ಎಷ್ಟು ಸಲ ಕಲಿಸಿದರೂ ತನ್ನಲ್ಲಿ ಕಡಿಮೆಯಾಗದ ಒಂದು ಅರಿವು ಇದೆ ಎಂಬುದು ಕಾಣತೊಡಗುತ್ತದೆ. ಆಡುತ್ತಿದ್ದಾಗ ಆ ಅರಿವು ಆಕೆಗೆ ಕಂಡಿರಲಿಲ್ಲ, ಏಕೆಂದರೆ ಆಗ ಅದು ಹೊಡೆತದೊಳಗೇ ಕರಗಿಹೋಗಿತ್ತು.

ದಾಸಿಮಯ್ಯನ ಕಸುಬು ಮತ್ತು ಟೆನಿಸ್ಸಿನ ನಡುವೆ ಇನ್ನೂ ಹತ್ತಿರದ ಒಂದು ನಂಟಿದೆ. ರಾಕೆಟ್ಟಿಗೆ ದಾರ ಬಿಗಿಯುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದು ಮಗ್ಗದ ಕೆಲಸವೇ ಎಂದು ತಕ್ಷಣ ತಿಳಿಯುತ್ತದೆ. ಮೊದಲು ಉದ್ದುದ್ದದ ದಾರಗಳನ್ನು ಒಂದೊಂದಾಗಿ ಎಳೆದು ಬಿಗಿಯುತ್ತಾರೆ, ಅದು ಹಾಸು. ಆಮೇಲೆ ಅಡ್ಡ ದಾರವನ್ನು ಒಂದರ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ ಹಾಯಿಸುತ್ತ ಹೋಗುತ್ತಾರೆ, ಅದು ಹೊಕ್ಕು. ಸಾಮಾನ್ಯವಾಗಿ ಉದ್ದದವು ಹದಿನಾರು, ಅಡ್ಡದವು ಹತ್ತೊಂಬತ್ತು. ಲಾಳಿಯ ಕೆಲಸವನ್ನು ಇಲ್ಲಿ ಬೆರಳ ತುದಿ ಮಾಡುತ್ತದೆ. ಬಿಗಿತ ಹೆಚ್ಚಿದರೆ ಚೆಂಡು ಹಿಡಿತಕ್ಕೆ ಸಿಗುತ್ತದೆ ಆದರೆ ವೇಗ ಕುಂದುತ್ತದೆ, ಸಡಿಲಾದರೆ ಚೆಂಡು ಚಿಮ್ಮುತ್ತದೆ ಆದರೆ ಕೈ ಮೀರುತ್ತದೆ. ಯಾವ ಕೈಗೆ ಎಷ್ಟು ಬಿಗಿತ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಆಡುವವಳ ಮೊಣಕೈ ಹೇಳುತ್ತದೆ, ಪಳಗಿದ ಕೋಚ್‌ನ ಕಿವಿ ಚೆಂಡು ತಾಗಿದ ಸದ್ದಿನಿಂದಲೇ ಹೇಳುತ್ತದೆ.

ಹೇಳಲು ಬಾರದೆ ಮಾಡಲು ಮಾತ್ರ ಬರುವ ಇಂಥ ಜ್ಞಾನವನ್ನು ಪಶ್ಚಿಮದ ತತ್ತ್ವಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಿ ಗಂಭೀರವಾಗಿ ಕೈಗೆತ್ತಿಕೊಂಡಿತು. 1949ರ ತನ್ನ ಗ್ರಂಥದಲ್ಲಿ ಗಿಲ್ಬರ್ಟ್ ರೈಲ್, ಒಂದು ಸಂಗತಿಯನ್ನು ತಿಳಿದಿರುವುದು ಬೇರೆ, ಒಂದು ಕೆಲಸ ಮಾಡಲು ಬಲ್ಲವರಾಗಿರುವುದು ಬೇರೆ ಎಂದು ವಾದಿಸಿದ. 1966ರಲ್ಲಿ ಮೈಕೆಲ್ ಪೊಲಾನ್ಯಿ ಬಾಯಿಗೆ ಬಾರದ ಅರಿವೇ ಬಾಯಿಗೆ ಬರುವ ಅರಿವಿನ ಬುನಾದಿ ಎಂದು ವಿವರಿಸಿದ. ಈ ವಿಚಾರಕ್ಕೆ ಟೆನಿಸ್ ಅಂಗಳದಲ್ಲೇ ಪರೀಕ್ಷೆ ನಡೆದದ್ದು ಟಿಮಥಿ ಗಾಲ್ವೆಯಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಟೆನಿಸ್ ತಂಡದ ನಾಯಕನಾಗಿದ್ದು ಆಮೇಲೆ ಕೋಚ್ ಆದ ಈತ ಭಾರತೀಯ ಗುರುವೊಬ್ಬರಿಂದ ಧ್ಯಾನ ಕಲಿತಿದ್ದ. 1974ರಲ್ಲಿ ಬಂದ ಈತನ ಪುಸ್ತಕದ ಹಿಂದೆ ಆ ಅಭ್ಯಾಸವಿದೆ. ಆಡುವವರೊಳಗೆ ಇಬ್ಬರಿರುತ್ತಾರೆ ಎನ್ನುತ್ತಾನೆ ಗಾಲ್ವೆ: ಅಪ್ಪಣೆ ಕೊಡುತ್ತ, ಬೈಯುತ್ತ ಇರುವವನೊಬ್ಬ, ಸುಮ್ಮನೆ ಮಾಡಬಲ್ಲವನು ಇನ್ನೊಬ್ಬ. ಕೋಚ್ ಮಾತು ಹೆಚ್ಚು ಮಾಡಿದಷ್ಟೂ ಮೊದಲನೆಯವನ ಗದ್ದಲ ಹೆಚ್ಚುತ್ತದೆ, ಎರಡನೆಯವನ ಕೈ ಕಟ್ಟಿಹೋಗುತ್ತದೆ.

ಅವನ ಒಂದು ಪಾಠ ಬಹಳ ಸರಳ. ಕೋಚ್ ಬಲೆಯ ಆಚೆಯಿಂದ ಬುಟ್ಟಿಯ ಚೆಂಡನ್ನು ಒಂದೊಂದಾಗಿ ಕಳಿಸುತ್ತಾನೆ. ಕಲಿಯುವವಳು ಚೆಂಡು ನೆಲಕ್ಕೆ ಬಿದ್ದು ಪುಟಿದ ಕ್ಷಣಕ್ಕೆ ಒಂದು ಪದ, ರಾಕೆಟ್ಟಿಗೆ ತಾಗಿದ ಕ್ಷಣಕ್ಕೆ ಇನ್ನೊಂದು ಪದ ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಮಣಿಕಟ್ಟು ಹೀಗಿಡು, ಭುಜ ಹಾಗೆ ತಿರುಗಿಸು ಎಂಬ ಮಾತೇ ಇಲ್ಲ. ಎರಡು ಪದಗಳನ್ನು ಸರಿಯಾದ ಹೊತ್ತಿಗೆ ಹೇಳುವುದರಲ್ಲಿ ಮನಸ್ಸು ಮುಳುಗಿದಾಗ ಮೈ ತನ್ನ ಪಾಡಿಗೆ ತಾನು ದಾರಿ ಹುಡುಕಿಕೊಳ್ಳುತ್ತದೆ. ಜಪಕ್ಕೂ ಇದಕ್ಕೂ ಇರುವ ಹೋಲಿಕೆ ಮೇಲ್ನೋಟದ್ದಲ್ಲ. ಮನಸ್ಸಿಗೆ ಒಂದು ಸಣ್ಣ ಕೆಲಸ ಕೊಟ್ಟು ಒಳಗಿನದಕ್ಕೆ ದಾರಿ ಬಿಡಿಸುವುದು ಎರಡರದ್ದೂ ಕ್ರಮ. ಇಲ್ಲಿ ಕಲಿಸುವವರು ಏನನ್ನೂ ಒಳಗೆ ತುಂಬುತ್ತಿಲ್ಲ, ಅಡ್ಡ ನಿಂತದ್ದನ್ನು ಪಕ್ಕಕ್ಕೆ ಸರಿಸುತ್ತಿದ್ದಾರೆ. ದಾಟಿಸುವುದು ಎಂಬ ಮಾತಿಗೆ ಇದಕ್ಕಿಂತ ಸರಿಯಾದ ಅರ್ಥ ಸಿಗಲಾರದು: ತಾಯಿ ಮಗುವಿಗೆ ನಡಿಗೆಯನ್ನು ದಾಟಿಸುವಂತೆ ಕೋಚ್ ಹೊಡೆತವನ್ನು ದಾಟಿಸುತ್ತಾಳೆ.

ಗುರುವಿನ ಮಾತು ಮತ್ತು ಮೌನದ ಈ ಪ್ರಶ್ನೆ ಟೆನಿಸ್ಸಿನ ನಿಯಮಗಳಲ್ಲೂ ಬಹುಕಾಲ ಜಗಳಕ್ಕೆ ಕಾರಣವಾಗಿತ್ತು. ಗ್ರ್ಯಾನ್‌ಸ್ಲ್ಯಾಮ್ ಪಂದ್ಯಾವಳಿಗಳಲ್ಲಿ ಪಂದ್ಯದ ನಡುವೆ ಕೋಚ್ ಸಲಹೆ ಕೊಡುವಂತಿರಲಿಲ್ಲ. 2018ರ ಅಮೆರಿಕನ್ ಓಪನ್ ಫೈನಲ್ಲಿನಲ್ಲಿ ನವೋಮಿ ಒಸಾಕಾ ಎದುರು ಆಡುತ್ತಿದ್ದ ಸೆರೀನಾ ವಿಲಿಯಮ್ಸ್‌ಗೆ ಗ್ಯಾಲರಿಯಲ್ಲಿದ್ದ ಕೋಚ್‌ನ ಕೈಸನ್ನೆಯ ಕಾರಣಕ್ಕೆ ಅಂಪೈರ್ ಎಚ್ಚರಿಕೆ ಕೊಟ್ಟದ್ದು, ಅಲ್ಲಿಂದ ಬೆಳೆದ ವಾದ, ಜಗತ್ತೇ ನೋಡಿತು. 2025ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಅಂಗಳದ ಹೊರಗಿನಿಂದ ಸಲಹೆ ಕೊಡಲು ಅನುಮತಿಸಿದೆ. ಕಾಲೇಜು ಟೆನಿಸ್ಸಿನಲ್ಲಿ ಮಾತ್ರ ಕೋಚ್ ಅಂಗಳದೊಳಕ್ಕೇ ಬರಬಹುದು, ಬದಿ ಬದಲಿಸುವಾಗ ಬೆಂಚಿನ ಮೇಲೆ ಆಟಗಾರ್ತಿಯ ಪಕ್ಕ ಕೂತು ಮಾತಾಡಬಹುದು. ಹಾಗಾಗಿ ಕಾಲೇಜಿನ ಕೋಚ್‌ಗೆ ಒಂದು ಕಷ್ಟ ಹೆಚ್ಚು. ಮಾತಾಡುವ ಹಕ್ಕು ಇದ್ದೂ ಯಾವಾಗ ಸುಮ್ಮನಿರಬೇಕೆಂದು ಆಕೆಯೇ ತೀರ್ಮಾನಿಸಬೇಕು. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನೆಲೆಗೊಂಡ, ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಸಂತನಿಗೆ ಮೌನೇಶ್ವರನೆಂದೇ ಹೆಸರು. ಗುರುವನ್ನು ಮೌನದ ಒಡೆಯನೆಂದು ಕರೆದ ನಾಡಿಗೆ, ಬಾಯಿ ಮುಚ್ಚಿಕೊಂಡಿರುವುದೂ ಒಂದು ಬೋಧೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಸುವವರ ಮೌನಕ್ಕೆ ಭಾರತದ ಕಥೆಗಳಲ್ಲಿ ಇನ್ನೊಂದು ಮುಖವಿದೆ, ಅದು ನೋವಿನ ಮುಖ. ಮಹಾಭಾರತದ ಆದಿಪರ್ವದ ಏಕಲವ್ಯ ನಿಷಾದರ ದೊರೆಯ ಮಗ. ದ್ರೋಣ ಅವನಿಗೆ ಬಿಲ್ವಿದ್ಯೆ ಕಲಿಸಲು ಒಪ್ಪುವುದಿಲ್ಲ. ಅವನು ಕಾಡಿನಲ್ಲಿ ದ್ರೋಣನ ಮಣ್ಣಿನ ಮೂರ್ತಿ ಮಾಡಿಟ್ಟು, ಅದರ ಮುಂದೆ ತಾನೇ ಕಲಿಯುತ್ತಾನೆ. ಆ ವಿದ್ಯೆ ಅರ್ಜುನನನ್ನು ಮೀರಿಸಿದಾಗ ದ್ರೋಣ ಗುರುದಕ್ಷಿಣೆಯೆಂದು ಬಲಗೈ ಹೆಬ್ಬೆರಳನ್ನೇ ಕೇಳುತ್ತಾನೆ. ಸುರಪುರ ಬೇಡ ನಾಯಕರ ನಾಡು. 1705ರಲ್ಲಿ ವಾಗಣಗೇರಾ ಕೋಟೆಯನ್ನು ಹಿಡಿಯಲು ಮುಪ್ಪಿನ ಔರಂಗಜೇಬನೇ ಖುದ್ದಾಗಿ ಬಂದು ಮುತ್ತಿಗೆ ಹಾಕಬೇಕಾಯಿತು, ಅಂಥ ಗುರಿಕಾರರ ನಾಡು. ಬೇಡರ ಮಕ್ಕಳು ಏಕಲವ್ಯನ ಕಥೆ ಕೇಳುವಾಗ ಅದು ದೂರದ ಪುರಾಣವಾಗಿ ಉಳಿಯುವುದಿಲ್ಲ. ಭಾರತ ಸರ್ಕಾರ 1985ರಿಂದ ಉತ್ತಮ ಕೋಚ್‌ಗಳಿಗೆ ಕೊಡುತ್ತಿರುವ ಪ್ರಶಸ್ತಿ ದ್ರೋಣಾಚಾರ್ಯರ ಹೆಸರಿನದು. ಕರ್ನಾಟಕ ಸರ್ಕಾರ ತನ್ನ ಉತ್ತಮ ಆಟಗಾರರಿಗೆ ಕೊಡುವುದು ಏಕಲವ್ಯನ ಹೆಸರಿನ ಪ್ರಶಸ್ತಿ. ಈ ಎರಡು ಹೆಸರುಗಳು ಹೀಗೆ ಅಕ್ಕಪಕ್ಕ ನಿಂತಿರುವುದು ಎಷ್ಟು ದೊಡ್ಡ ಪ್ರಶ್ನೆಯನ್ನು ಬಗೆಹರಿಸದೆ ಬಿಟ್ಟಿದೆ ಎಂದು ಯೋಚಿಸಿದವರು ಕಡಿಮೆ.

ಮುದನೂರಿನ ಬಟ್ಟೆಯನ್ನೂ ಕಾಡಿನ ಹೆಬ್ಬೆರಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗುರುತನದ ಎರಡು ಬಗೆ ಕಾಣುತ್ತವೆ. ಎರಡು ಕಡೆಯೂ ದೊಡ್ಡವರು ಬೇಡುತ್ತಾರೆ, ಬೇಡಿಸಿಕೊಂಡವರು ಹಿಂದುಮುಂದು ನೋಡದೆ ಕೊಡುತ್ತಾರೆ. ಆದರೆ ದ್ರೋಣ ಬೇಡಿದ್ದು ವಿದ್ಯೆಯ ಬೇರನ್ನು. ಅದು ಹೋದ ಮೇಲೆ ಏಕಲವ್ಯ ಮೊದಲಿನಂತೆ ಬಾಣ ಬಿಡಲಾರ. ಜಂಗಮ ಹರಿದದ್ದು ವಿದ್ಯೆಯ ಫಲವನ್ನು. ನೇಯುವ ಕೈ ಹಾಗೇ ಉಳಿಯಿತು, ಅದರ ಮೇಲೆ ತವನಿಧಿಯೂ ಬಂತು. ಶಿಷ್ಯೆಯ ಮೈಯನ್ನು ಹಿಂಡಿ ಪದಕ ತೆಗೆಯುವ ಕೋಚ್, ನೋವಿನ ಭುಜದಲ್ಲೇ ಆಡಿಸಿ ಹದಿನೆಂಟಕ್ಕೆ ಅವಳ ಆಟ ಮುಗಿಸುವ ಕೋಚ್, ಹೆಬ್ಬೆರಳು ಕೇಳಿದ ಗುರು. ಇಂದಿನ ಸೋಲನ್ನು ಸೋಲಾಗಿ ಬಿಟ್ಟು ಆಡುವ ಕೈಯನ್ನು ಕಾಯುವವಳು ಬೇರೆ ಪರಂಪರೆಯವಳು. ತಾನು ಆಡಿ, ತನ್ನ ಮೈಯ ನೋವನ್ನು ಉಂಡವಳಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಎಲ್ಲರಿಗೂ ತಿಳಿಯುತ್ತದೆ ಎನ್ನಲಾಗದು. ತಾನು ಪಟ್ಟ ಪಾಡನ್ನು ಶಿಷ್ಯೆಯೂ ಪಡಲಿ ಎನ್ನುವವರೂ ಇದ್ದಾರೆ.

ಇನ್ನು ಹೆಣ್ಣು, ಗಂಡು ಎಂಬ ಪ್ರಶ್ನೆ. ಮೈಯ ಗುರುತು ನೋಡಿ ಜನ ಇದು ಹೆಣ್ಣು, ಇದು ಗಂಡು ಎನ್ನುತ್ತಾರೆ; ಆದರೆ ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂಬುದು ದಾಸಿಮಯ್ಯನ ಹೆಸರಾದ ವಚನವೊಂದರ ನಿಲುವು. ಇದು ಮೈಯ ವ್ಯತ್ಯಾಸವನ್ನು ಇಲ್ಲವೆನ್ನುವ ಮಾತಲ್ಲ. ವ್ಯತ್ಯಾಸ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದ ಆಚೆ ಸಲ್ಲುವುದಿಲ್ಲ ಎಂದು ಗೆರೆ ಎಳೆಯುವ ಮಾತು. ಟೆನಿಸ್ಸಿನಲ್ಲಿ ಮಹಿಳೆಯರ ಪಂದ್ಯ ಬೇರೆ, ಪುರುಷರ ಪಂದ್ಯ ಬೇರೆ ಇರುವುದಕ್ಕೆ ತೋಳಿನ ಬಲ, ಎತ್ತರ, ಸರ್ವ್‌ನ ವೇಗ ಕಾರಣ. ಅದು ಮೈಗೆ ಸಲ್ಲುವ ಲೆಕ್ಕ, ನ್ಯಾಯವಾದದ್ದೇ. ಕಲಿಸುವಾಗ ಕೆಲಸ ಮಾಡುವುದು ತೋಳಿನ ಬಲವಲ್ಲ. ದಾಸಿಮಯ್ಯನ ಗೆರೆಯ ಪ್ರಕಾರ ಗುರುಪೀಠದಲ್ಲಿ ಹೆಣ್ಣು ಗಂಡೆಂಬ ಎಣಿಕೆಗೆ ನೆಲೆಯೇ ಇಲ್ಲ.

ಜಗತ್ತಿನಲ್ಲಿ ನಡೆದದ್ದು ಇದರ ತಿರುಗುಮುರುಗು. 1972ರ ಜೂನ್ 23ರಂದು ಅಮೆರಿಕದಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗದ ಆಧಾರದ ಮೇಲೆ ಭೇದ ಮಾಡುವಂತಿಲ್ಲ ಎಂದಿತು. ಹೆಣ್ಣುಮಕ್ಕಳಿಗೆ ಅಂಗಳಗಳು ತೆರೆದವು, ವಿದ್ಯಾರ್ಥಿವೇತನ ಬಂದವು, ಆಡುವವರ ಸಂಖ್ಯೆ ಹಲವು ಪಟ್ಟು ಬೆಳೆಯಿತು. ಅದೇ ಹೊತ್ತಿಗೆ ಕಲಿಸುವವರಲ್ಲಿ ಹೆಂಗಸರ ಪಾಲು ಕುಸಿಯಿತು. ಕಾನೂನು ಬರುವ ಹೊತ್ತಿಗೆ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ತಂಡಗಳಿಗೆ ಮಹಿಳೆಯರೇ ಕೋಚ್ ಆಗಿದ್ದರು. ಈಗ ಅದು ಅರ್ಧಕ್ಕಿಂತ ಕಡಿಮೆ. ಕಾರಣ ಗುಟ್ಟಿನದ್ದೇನಲ್ಲ. ಮೊದಲು ಆ ಕೆಲಸಕ್ಕೆ ಸಂಬಳವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ, ಹಾಗಾಗಿ ಗಂಡಸರು ಅತ್ತ ಸುಳಿಯಲಿಲ್ಲ. ಹಣ ಮತ್ತು ಹೆಸರು ಬಂದಾಗ ಬಂದರು. ಮಹಿಳೆಯರ ವಿಭಾಗ, ಪುರುಷರ ವಿಭಾಗ ಎಂದು ಬೇರೆಯಾಗಿದ್ದವು ಒಂದಾದವು. ಒಂದಾದ ವಿಭಾಗಕ್ಕೆ ಹೆಚ್ಚಿನ ಕಡೆ ಗಂಡಸರೇ ಮುಖ್ಯಸ್ಥರಾಗಿ ಆಯ್ಕೆ ಅವರ ಕೈಗೆ ಹೋಯಿತು. ಮೈಯ ಲೆಕ್ಕ ಸಲ್ಲುವ ಕಡೆ ಹೆಣ್ಣಿಗೆ ಬಾಗಿಲು ತೆರೆಯಿತು, ಆತ್ಮದ ಲೆಕ್ಕ ಸಲ್ಲಬೇಕಾದ ಕಡೆ ಮುಚ್ಚಿತು. ಫರೂಡ್ ಅವರ ಹತ್ತು ಪ್ರಶಸ್ತಿಗಳಿಗೆ ತೂಕ ಬರುವುದು ಈ ಹಿನ್ನೆಲೆಯಲ್ಲಿ.

ಕನ್ನಡದ ಶರಣ ಪರಂಪರೆ ಹೆಣ್ಣನ್ನು ಕಲಿಯುವವಳಾಗಿಯೂ ಕಲಿಸುವವಳಾಗಿಯೂ ಕಂಡಿದೆ. ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ರಾಣಿ ಸುಗ್ಗಲದೇವಿ ದೇವರ ದಾಸಿಮಯ್ಯನ ಶಿಷ್ಯೆಯೆಂದು ಪರಂಪರೆ ಹೇಳುತ್ತದೆ. ದಾಸಿಮಯ್ಯನ ಮಡದಿ ದುಗ್ಗಳೆ ತಾನೂ ವಚನ ಬರೆದವಳು; ಗಂಡನ ಹೆಸರನ್ನೂ ಅವನ ದೈವದ ಹೆಸರನ್ನೂ ಸೇರಿಸಿಕೊಂಡ ಅಂಕಿತ ಅವಳದು. ಕಲಿಸುವ ಹೆಣ್ಣಿಗೆ ಎಲ್ಲಕ್ಕಿಂತ ನಿಚ್ಚಳವಾದ ಉದಾಹರಣೆ ಮಾತ್ರ ಕೃಷ್ಣೆಯ ಆಚೆ ದಡದವಳು: ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ. ಆಕೆಯ ಗಂಡ ಮಾರಯ್ಯನ ಕಾಯಕ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಮ್ಮೆ ಅವನು ಅನುಭವದ ಮಾತಿನಲ್ಲಿ ಮೈಮರೆತು ಕೂತಾಗ, ಕಾಯಕ ನಿಂತಿದೆ ಎಂದು ನೆನಪಿಸಿ ಎಬ್ಬಿಸಿದವಳು ಲಕ್ಕಮ್ಮ. ಇನ್ನೊಮ್ಮೆ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳೂ ಅವಳೇ. ಅವಳು ಅವನಿಗೆ ಹೊಸದೇನನ್ನೂ ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದನ್ನೇ, ಅವನು ಮರೆತ ಗಳಿಗೆಯಲ್ಲಿ, ಸರಿಯಾದ ಹೊತ್ತಿಗೆ ನೆನಪಿಸಿದಳು. ಬದಿ ಬದಲಿಸುವ ತೊಂಬತ್ತು ಸೆಕೆಂಡುಗಳಲ್ಲಿ ಕೋಚ್ ಮಾಡಬಹುದಾದ ಕೆಲಸವೂ ಇಷ್ಟೇ.

ಹೀಗೆ ಕಲಿಸುವುದನ್ನು ದಾಸೋಹವೆಂದು ಕಂಡರೆ, ಸಂಬಳಕ್ಕೆ ಕಲಿಸುವುದು ದಾಸೋಹ ಹೇಗಾದೀತು ಎಂದು ಆಕ್ಷೇಪಿಸುವವರಿಗೂ ಲಕ್ಕಮ್ಮನಲ್ಲೇ ಉತ್ತರವಿದೆ. ಶರಣರು ಕೂಲಿಯನ್ನು ಹೀನವೆಂದು ಕಾಣಲಿಲ್ಲ. ದುಡಿದು ತಂದದ್ದರಿಂದಲೇ ದಾಸೋಹ ನಡೆಯಬೇಕೆಂದರು. ಅವರಿಗೆ ಅಸಹ್ಯವಾದದ್ದು ಅಗತ್ಯ ಮೀರಿದ ಆಸೆ. ಕೋಚ್ ಸಂಬಳ ಪಡೆಯುವುದರಿಂದ ಕಲಿಸುವ ಕೆಲಸ ಕೆಡುವುದಿಲ್ಲ. ಕೊಡಲು ಶಕ್ತಿಯಿಲ್ಲದ ಮನೆಯ ಹುಡುಗಿಗೆ ಅಂಗಳದ ಬಾಗಿಲು ಮುಚ್ಚಿದರೆ ಕೆಡುತ್ತದೆ, ಒಬ್ಬಳನ್ನು ಗೆಲ್ಲಿಸಲು ಹತ್ತು ಜನರನ್ನು ಬರಿಯ ಚೆಂಡು ಹೆಕ್ಕುವವರನ್ನಾಗಿ ಮಾಡಿದರೆ ಕೆಡುತ್ತದೆ.

ಮೈಯ ವಿದ್ಯೆಯನ್ನು ಕಳೆದ ಮೇಲೆ ಏನು ಉಳಿಯುತ್ತದೆ ಎಂಬುದಕ್ಕೆ ಹತ್ತಿರದಲ್ಲೇ ಒಂದು ಅಪರೂಪದ ನಿದರ್ಶನ ದೊರೆತಿದೆ. ಸಗರನಾಡು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಸ್ಪತ್ರೆಗೆ, ಓದಿಗೆ, ವ್ಯಾಪಾರಕ್ಕೆ ಈಗಲೂ ಇಲ್ಲಿಯ ಜನ ಹೈದರಾಬಾದಿಗೆ ಹೋಗಿಬರುತ್ತಾರೆ. ಆ ಊರಿನ ಸಾನಿಯಾ ಮಿರ್ಜಾ ಕಾಲೇಜು ಟೆನಿಸ್ಸಿನ ದಾರಿಯಲ್ಲಿ ಬಂದವರಲ್ಲ, ಹದಿಹರೆಯದಲ್ಲೇ ವೃತ್ತಿಪರ ಆಟಕ್ಕೆ ಇಳಿದವರು. ಆರು ಗ್ರ್ಯಾನ್‌ಸ್ಲ್ಯಾಮ್ ಪ್ರಶಸ್ತಿ, 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನ, ಆಡುತ್ತಿದ್ದಾಗಲೇ 2013ರಲ್ಲಿ ಹೈದರಾಬಾದಿನಲ್ಲಿ ಅಕಾಡೆಮಿ. 2023ರ ಫೆಬ್ರವರಿಯಲ್ಲಿ ಅವರು ಆಟ ನಿಲ್ಲಿಸಿದರು. ಅದೇ ತಿಂಗಳು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಮಹಿಳಾ ಕ್ರಿಕೆಟ್ ತಂಡ ಅವರನ್ನು ಮಾರ್ಗದರ್ಶಿಯಾಗಿ ಕರೆಯಿತು. ಕ್ರಿಕೆಟ್ ತಂಡಕ್ಕೆ ಟೆನಿಸ್ ಆಟಗಾರ್ತಿ ಬ್ಯಾಟ್ ಹಿಡಿಯುವುದನ್ನು ಹೇಳಿಕೊಡಲಾರರು, ಬೌಲಿಂಗ್ ತಿದ್ದಲಾರರು. ಹೊಡೆತದ ವಿದ್ಯೆ ಅಲ್ಲಿ ಸೊನ್ನೆ. ಆದರೂ ಅವರ ಬಳಿ ಕೊಡಲು ಏನೋ ಇದೆ ಎಂದು ತಂಡ ನಂಬಿತು: ಸಾವಿರಾರು ಕಣ್ಣುಗಳ ಮುಂದೆ ಒಂಟಿಯಾಗಿ ನಿಂತು ಸೋತು, ಮರುದಿನ ಮತ್ತೆ ಅಂಗಳಕ್ಕೆ ಬರುವುದು ಹೇಗೆಂಬ ಅರಿವು. ಆ ಸಲ ತಂಡ ಮೊದಲ ಐದೂ ಪಂದ್ಯ ಸೋತಿತು, ಆಮೇಲೆ ಎರಡು ಗೆದ್ದಿತು. ಗೆಲುವಿನ ಲೆಕ್ಕದಲ್ಲಿ ಅದು ದೊಡ್ಡದಲ್ಲ. ಬಟ್ಟೆಯ ಒಂದು ನೂಲೂ ಇಲ್ಲದ ಕಡೆ ತವನಿಧಿಯನ್ನಷ್ಟೇ ಕೇಳಿ ಕರೆದರು ಎಂಬುದು ಇಲ್ಲಿ ಮುಖ್ಯ.

ಸಗರನಾಡಿನಲ್ಲಿ ಟೆನಿಸ್ ಇನ್ನೂ ದೂರದ ಆಟ. ಹತ್ತಿರದ ಕಲಬುರಗಿಯಲ್ಲಿ 2023ರ ಕೊನೆಗೆ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದು ನಡೆಯಿತು, ಅದು ಪುರುಷರದು. ಇಲ್ಲಿಯ ನೆಲವೂ ಅಂಗಳಕ್ಕೆ ಸುಲಭವಾಗಿ ಒಲಿಯುವುದಲ್ಲ: ಹತ್ತಿಯನ್ನು ಚೆನ್ನಾಗಿ ಬೆಳೆಯುವ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ, ಚೆಂಡು ನೆಟ್ಟಗೆ ಪುಟಿಯಲು ಬಿಡುವುದಿಲ್ಲ. ಕಾಲೇಜಿನಲ್ಲಿ ಆಡಿ ಕಲಿಸಲು ಬರುವ ಹೆಣ್ಣು ಇಲ್ಲಿ ಸಿಗುವುದು ಬೇರೆ ಆಟಗಳಲ್ಲಿ. ಅಂತರ ಕಾಲೇಜು ಕೂಟಗಳಲ್ಲಿ ಖೋ ಖೋ ಆಡಿ, ಬಿ.ಪಿ.ಇಡಿ. ಮುಗಿಸಿ, ಹಳ್ಳಿಯ ಸರ್ಕಾರಿ ಶಾಲೆಗೆ ದೈಹಿಕ ಶಿಕ್ಷಕಿಯಾಗಿ ಬಂದವಳು ಈ ಪ್ರಶ್ನೆಯನ್ನು ದಿನವೂ ಬದುಕುತ್ತಾಳೆ. ಬೇಸಿಗೆಯ ಮುಂಜಾನೆ, ಬಿಸಿಲು ಏರುವ ಮೊದಲು, ಮಕ್ಕಳ ಕೈಲಿ ಬುಟ್ಟಿ ಕೊಟ್ಟು ಬಿರುಕುಗಳಿಗೆ ಗರಸು ತುಂಬಿಸುತ್ತಾಳೆ. ಎರಡು ಕಂಬಗಳ ನಡುವೆ ಹಗ್ಗ ಹಿಡಿಸಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾಳೆ. ಎಂಟು ಹುಡುಗಿಯರು ಒಬ್ಬರು ಇತ್ತ, ಒಬ್ಬರು ಅತ್ತ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ಮೊದಲ ಓಟವನ್ನು ಟೀಚರ್ ತಾನೇ ಓಡಿ ತೋರಿಸುತ್ತಾಳೆ, ಕಂಬ ಹಿಡಿದು ತಿರುಗುವಾಗ ಮೊಣಕಾಲು ಚುರುಕ್ಕೆನ್ನುತ್ತದೆ, ನಿಲ್ಲುತ್ತಾಳೆ. ಕೂತವಳ ಬೆನ್ನು ಮುಟ್ಟಿ ಖೋ ಎನ್ನುತ್ತಾಳೆ. ಹುಡುಗಿ ಎದ್ದು ಓಡುತ್ತಾಳೆ, ಅವಳು ಬಿಟ್ಟ ಜಾಗದಲ್ಲಿ ಟೀಚರ್ ಕೂರುತ್ತಾಳೆ.